ವೈರಸ್ ಸಾಕುವ ತಂಗಿ

ನನ್ನ ತಂಗಿ ವೈರಸ್ ಸಾಕುತ್ತಾಳೆ. ಇದನ್ನು ನಾನು ಹಚ್ಚುತ್ತಿರುವ ಚಾಡಿ ಎಂದು ತಿಳಿಯಬೇಡಿ. ಕೇಳಿದವರಿಗೆಲ್ಲ ಅವಳೇ ಹೀಗೆ ಹೇಳಿಕೊಂಡು ತಿರುಗುತ್ತಾಳೆ. ರಾಯಚೂರಿನ ನಮ್ಮ ಓಣಿಯಲ್ಲಿ ಆಡು ಸಾಕಿದವರಿದ್ದಾರೆ, ಪಾರಿವಾಳ ಸಾಕಿದವರಿದ್ದಾರೆ, ನಿವೃತ್ತ ಕಂಡಕ್ಟರೊಬ್ಬರು ಗಿಳಿ ಸಾಕಿ ಅದಕ್ಕೆ ‘ಟಿಕೆಟ್, ಟಿಕೆಟ್’ ಎನ್ನಲು ಕಲಿಸಿದ್ದಾರೆ. ಆದರೆ ಊರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ಸರಿಯುವ ವಸ್ತುವನ್ನು ಬೆಚ್ಚಗಿಟ್ಟು, ಉಣಿಸಿ ಬೆಳೆಸಿ, ಅದಕ್ಕೆ ಸಂಬಳವನ್ನೂ ತೆಗೆದುಕೊಳ್ಳುವವಳು ಇವಳೊಬ್ಬಳೇ.

ಅವಳು ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿ. ಅಲ್ಲಿ ಜೀನ್ ಚಿಕಿತ್ಸೆಯ ಔಷಧ ತಯಾರಿಸಲು ಹೆಣಗುತ್ತಿದ್ದಾರೆ. ಕೆಲವರ ಮೈಯೊಳಗೆ ಹುಟ್ಟಿನಿಂದಲೇ ಒಂದು ಸೂಚನೆ ತಪ್ಪಾಗಿ ಬರೆದಿರುತ್ತದಂತೆ. ಸರಿಯಾದ ಸೂಚನೆಯನ್ನು ಒಳಗೆ ಕಳಿಸಿದರೆ ಮೈ ಅದನ್ನು ಓದಿಕೊಂಡು ತನ್ನ ಕೆಲಸ ತಾನು ಮಾಡುತ್ತದಂತೆ. ಆದರೆ ಕಳಿಸುವುದು ಯಾರ ಕೈಯಲ್ಲಿ? ರೋಗ ತರುವ ಗುಣವನ್ನೆಲ್ಲ ಕಿತ್ತುಹಾಕಿದ ವೈರಸ್ಸಿನ ಕೈಯಲ್ಲಿ. ಆ ವೈರಸ್ಸನ್ನು ಜೀವಕೋಶಗಳೊಳಗೆ ಬೆಳೆಸಿ, ಸೋಸಿ, ಅಳೆದು ಕೊಡುವುದು ನನ್ನ ತಂಗಿಯ ಕೆಲಸ.

ನಮ್ಮಪ್ಪ ಓಣಿಯಲ್ಲಿ ಎದುರಾದವರಿಗೆಲ್ಲ, “ಮಗಳು ಸೈಂಟಿಸ್ಟ್ ಆಗ್ಯಾಳ್ರೀ” ಎನ್ನುತ್ತಾನೆ. ಬಾಗಲವಾಡದಲ್ಲಿ ಕಂಡವರ ಹೊಲದಲ್ಲಿ ಕೂಲಿ ಮಾಡಿದವರ ಮಗ ಅವನು. ಒಂದು ಮಾತು ಹೆಚ್ಚಿಗೆ ಹೇಳಿದರೆ ಯಾರ ಗಂಟು ಹೋಗುತ್ತದೆ? ಆದರೆ ಇವಳು ಬಿಡಬೇಕಲ್ಲ.

“ಸೈಂಟಿಸ್ಟ್ ಅಲ್ಲ ಯಪ್ಪಾ, ಸಹಾಯಕಿ.”

“ಎರಡೂ ಒಂದ ಬಿಡವ್ವ.”

“ಒಂದಲ್ಲ. ಆದ್ರ ಸಹಾಯಕಿ ಒಂದಿನ ಬರಲಿಲ್ಲಂದ್ರ ಸೈಂಟಿಸ್ಟ್ ಬರೇ ಬಿಳೇ ಕೋಟ್ ಹಾಕ್ಕೊಂಡು ನಿಂದರಬೇಕಾಗ್ತದ. ಹಂಗಂತ ಹೇಳು ಎಲ್ಲಾರಿಗೂ.”

ಅಪ್ಪ ಈಗ ಹಾಗೆಯೇ ಹೇಳುತ್ತಿದ್ದಾನೆ. ಓಣಿಯ ಜನಕ್ಕೆ ಅದರಿಂದ ಏನು ತಿಳಿದಿದೆಯೋ ನನಗೆ ಗೊತ್ತಿಲ್ಲ.

ಅವಳು ಈ ಕೆಲಸಕ್ಕೆ ಬಿದ್ದದ್ದು ನನ್ನ ದೆಸೆಯಿಂದ. ನನಗೆ ಹಿಮೋಫಿಲಿಯಾ. ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಗಾಯವಿಲ್ಲದೆಯೂ ಒಮ್ಮೊಮ್ಮೆ ಕೀಲಿನೊಳಗೆ ರಕ್ತ ಸೋರಿ ಮೊಣಕಾಲು ಕುಂಬಳಕಾಯಿಯಂತೆ ಊದುತ್ತದೆ. ಆಗ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡು ಬಂದು ಮಲಗಬೇಕು. ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕುಂಟುತ್ತ ಹೋಗಿ ಕಲಿಸುತ್ತೇನೆ, ಅಷ್ಟೆ. ಈ ರೋಗ ಗಂಡುಮಕ್ಕಳನ್ನು ಕಾಡುವುದು ಹೆಚ್ಚು, ದಾಟಿ ಬರುವುದು ಸಾಮಾನ್ಯವಾಗಿ ತಾಯಿಯಿಂದ. ಈ ಒಂದು ಸಂಗತಿ ಸಿಕ್ಕಿದ್ದೇ ಮಾನ್ವಿಯಲ್ಲಿರುವ ನಮ್ಮ ಸೋದರತ್ತೆಗೆ ಜೀವಮಾನಕ್ಕೆ ಸಾಕಾಗುವಷ್ಟು ಮಾತು ಸಿಕ್ಕಿತು. ಮನೆಗೆ ಬಂದಾಗಲೆಲ್ಲ ಅವ್ವನ ಮುಖ ನೋಡಿ, “ನಿನ್ನ ತವರಿನ ರಕ್ತ ನಮ್ಮ ಮನಿ ಕೆಡಿಸ್ತು” ಎನ್ನುವಳು. ಅವ್ವ ಸೆರಗು ಎಳೆದುಕೊಂಡು ಅಡುಗೆಮನೆಗೆ ಹೋಗುವಳು. ತಂಗಿ ಅತ್ತೆಯನ್ನೇ ದುರುಗುಟ್ಟಿ ನೋಡುತ್ತ ಕೂರುವಳು.

ಪ್ರಯೋಗಾಲಯ ಸೇರಿದ ಮೇಲೆ ಅವಳ ಹುಚ್ಚಾಟಗಳು ಒಂದೆರಡಲ್ಲ. ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಸೀಟಿಗೆ, ಕಂಬಿಗೆ ಸ್ಪಿರಿಟ್ ಹೊಡೆದು ಒರೆಸುತ್ತಾಳೆ. ಒಮ್ಮೆ ಕಂಡಕ್ಟರ್ ಚಿಲ್ಲರೆ ಕೊಟ್ಟಾಗ ಅದಕ್ಕೂ ಹೊಡೆದಳು. ಆತ ತನ್ನ ಕೈಯನ್ನೂ ಮುಂದೆ ಚಾಚಿ, “ಇದಕ್ಕೂ ಒಂದೀಟು ಹೊಡೀರಿ ಮೇಡಂ, ಮುಂಜಾನಿಂದ ಊರ ಮಂದಿ ರೊಕ್ಕ ಮುಟ್ಟೀನಿ” ಎಂದ. ಇವಳು ಒಂದಿಷ್ಟೂ ನಗದೆ ಅವನ ಎರಡೂ ಕೈಗೆ ಹೊಡೆದಳು.

ಜಾಲಹಳ್ಳಿಯಲ್ಲಿ ಅತ್ತೆಯ ಮಗಳ ಮದುವೆ ಇದ್ದಾಗ ವಧೂವರರ ತಲೆಗೆ ಇನ್ನೂ ಅಕ್ಕಿಕಾಳು ಬಿದ್ದಿರಲಿಲ್ಲ, ಇವಳು ಬ್ಯಾಗು ಹೆಗಲಿಗೇರಿಸಿ ಚಪ್ಪರದಿಂದ ಹೊರಗೆ ನಡೆದಳು. ಅತ್ತೆ ಅಡ್ಡ ಬಂದಳು.

“ಎಲ್ಲಿಗಿ ಹೊಂಟೀ?”

“ನಾಳಿ ಮುಂಜಾನಿ ಜೀವಕೋಶಕ್ಕ ಊಟ ಹಾಕಬೇಕು ಅತ್ತೀ. ಹಾಕಲಿಲ್ಲಂದ್ರ ಸಾಯ್ತಾವು.”

“ಸಾಯಲಿ ಬಿಡು. ಅವೇನು ನಿನ್ನ ಬಳಗ ಏನು?”

“ನಿನ್ನ ಎಮ್ಮಿ ಹಿಂಡೋದು ಬಿಟ್ಟು ನೀನು ಯಾರ ಮದುವ್ಯಾಗ ಕುಂತೀ ಹೇಳು.”

ಅತ್ತೆ ದಾರಿ ಬಿಟ್ಟಳು. ಆ ಹೊತ್ತಿಗೆ ಆಕೆಯೂ ಎಮ್ಮೆಯ ಯೋಚನೆಯಲ್ಲೇ ಇದ್ದಳೆಂದು ಕಾಣುತ್ತದೆ. ಮಗಳಿಗೆ ಅಕ್ಕಿಕಾಳು ಹಾಕಿದವಳೇ ಮಾನ್ವಿಯ ದಾರಿ ಹಿಡಿದಳು.

ಒಂದು ಬೇಸಿಗೆಯಲ್ಲಿ ತಂಗಿ ಫೋನಿನಲ್ಲಿ ಅಳುತ್ತಿದ್ದಳು. ವಾರಗಟ್ಟಲೆ ಬೆಳೆಸಿದ ಜೀವಕೋಶಗಳಿಗೆ ಬೂಷ್ಟು ಹಿಡಿದಿತ್ತು, ಎಲ್ಲವನ್ನೂ ಚೆಲ್ಲಬೇಕಾಯಿತು. ನಾನು ಫೋನನ್ನು ಅವ್ವನಿಗೆ ಕೊಟ್ಟೆ. ಅವ್ವನಿಗೆ ಬೂಷ್ಟು ಎಂಬ ಒಂದು ಪದ ಅರ್ಥವಾಯಿತು.

“ಉಪ್ಪಿನಕಾಯಿಗಿ ಬರಂಗಿಲ್ಲೇನವ್ವ? ಭರಣಿ ತೊಳದು, ಬಿಸಿಲಿಗಿಟ್ಟು, ಮತ್ತೊಮ್ಮಿ ಹಾಕು. ಅಲ್ಲಿ ಬಿಸಿಲು ಸಾಲಲಿಲ್ಲಂದ್ರ ಹೇಳು, ಇಲ್ಲಿಂದ ಕಳಸ್ತೀನಿ.”

ಆ ಕಡೆಯಿಂದ ಮೂಗು ಒರೆಸಿಕೊಂಡು ನಕ್ಕ ಸದ್ದು ಕೇಳಿಸಿತು. ಮರುದಿನ ಅವಳು ಮತ್ತೊಮ್ಮೆ ಹಾಕಿದಳು.

ಇಂಥವಳಿಗೆ ಗಂಡು ಹುಡುಕುವ ಧೈರ್ಯ ಮಾಡಿದವಳು ಅದೇ ಅತ್ತೆ. ಹುಡುಗ ಮಾನ್ವಿಯವನು, ಹೈಸ್ಕೂಲು ಮಾಸ್ತರ. ಅವರು ನಮ್ಮ ಮನೆಗೆ ಬರುವ ದಿನ ಅತ್ತೆ ಬೆಳಗ್ಗೆಯೇ ಬಂದು ಎಲ್ಲರಿಗೂ ಪಾಠ ಹೇಳಿಕೊಟ್ಟಳು. ನಾನು ಕುರ್ಚಿಯಿಂದ ಏಳಬಾರದು; ಎದ್ದರೆ ಕುಂಟುವುದು ಕಾಣುತ್ತದೆ. ಯಾರಾದರೂ ಕೇಳಿದರೆ ಬೈಕಿನಿಂದ ಬಿದ್ದೆ ಎನ್ನಬೇಕು. ಬೈಕನ್ನು ನಾನು ಮುಟ್ಟಿದವನೇ ಅಲ್ಲ, ಆದರೂ ಗೋಡೆಯ ಮೇಲಿನ ಬುದ್ಧನ ಫೋಟೋದ ಕೆಳಗೆ ಬುದ್ಧನಷ್ಟೇ ಅಲುಗಾಡದೆ ಕುಳಿತೆ.

ಬಂದವರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟದ್ದಾಯಿತು. ತಂಗಿ ಚಹಾ ತಂದಳು. ಹುಡುಗನ ತಾಯಿ ಮೆತ್ತಗೆ ಕೇಳಿದರು: “ಏನ್ ಕೆಲಸ ಮಾಡ್ತೀಯವ್ವ?”

“ವೈರಸ್ ಸಾಕ್ತೀನ್ರೀ.”

ಆಕೆ ತುಟಿಯ ತನಕ ತಂದ ಕಪ್ಪನ್ನು ಕೆಳಗಿಟ್ಟರು. ಹುಡುಗ ಮಾತ್ರ ಮೊದಲ ಬಾರಿಗೆ ತಲೆ ಎತ್ತಿ, “ಏನ್ ತಿಂತಾವ್ರೀ ಅವು?” ಎಂದು ಕೇಳಿದ. ಪಾಪ, ಅವನಿಗೆ ನಿಜವಾಗಿಯೂ ಕುತೂಹಲವಿತ್ತು. ಅವರಮ್ಮ ಅವನ ತೋಳು ಚಿವುಟಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅತ್ತೆ ಹೇಗಾದರೂ ತೇಪೆ ಹಚ್ಚುತ್ತಿದ್ದಳು. ತಂಗಿ ಎದುರಿನ ಸ್ಟೂಲು ಎಳೆದುಕೊಂಡು ಕುಳಿತಳು.

“ಇನ್ನೊಂದು ಮಾತು ಹೇಳಬೇಕ್ರೀ. ಅಲ್ಲಿ ಕುಂತಾನಲ್ಲ, ನಮ್ಮಣ್ಣ, ಅವನು ಬೈಕಿನ ಮ್ಯಾಲಿಂದ ಬಿದ್ದಿಲ್ಲ. ಅವನ ರಕ್ತ ಹೆಪ್ಪುಗಟ್ಟಂಗಿಲ್ಲ. ನಾನು ಪರೀಕ್ಷಾ ಮಾಡಿಸೀನಿ, ನನ್ನ ಮೈಯಾಗೂ ಅದು ಅದ. ನನಗೇನೂ ಆಗಂಗಿಲ್ಲ, ಆದ್ರ ನಾಳಿ ನನ್ನ ಮಗನಿಗಿ ಬರಬಹುದು, ಬರದೇನೂ ಇರಬಹುದು. ಇದನ್ನ ಕೇಳಿದ ಮ್ಯಾಲೂ ಹೂಂ ಅಂದ್ರ ನಾನು ಹೂಂ.”

ಚಪ್ಪಲಿ ಹುಡುಕುವಷ್ಟು ಹೊತ್ತು ಮಾತ್ರ ಅವರು ನಮ್ಮ ಮನೆಯಲ್ಲಿದ್ದರು. ಹುಡುಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ, ವೈರಸ್ಸಿನ ಊಟದ ವಿಷಯ ಅರ್ಧಕ್ಕೇ ನಿಂತಿತಲ್ಲ ಎಂಬಂತೆ. ಅವರು ಬಿಟ್ಟುಹೋದ ಮಿರ್ಚಿಯ ತಟ್ಟೆಯನ್ನು ತಂಗಿ ತೊಡೆಯ ಮೇಲಿಟ್ಟುಕೊಂಡು ತಿನ್ನತೊಡಗಿದಳು. ಅತ್ತೆಯ ಸಿಟ್ಟು ಅವ್ವನ ಕಡೆ ತಿರುಗಿತು.

“ನೋಡಿದಿ? ನಿನ್ನ ರಕ್ತ ಇನ್ನೆಷ್ಟು ಮಂದಿನ ಹಾಳ ಮಾಡ್ತದ?”

ಅವ್ವ ಎಂದಿನಂತೆ ಅಡುಗೆಮನೆಗೆ ಹೊರಟಳು. ತಂಗಿ ಎದ್ದು ಅವಳ ಕೈ ಹಿಡಿದು ನಿಲ್ಲಿಸಿದಳು.

“ಎಲ್ಲಿಗಿ ಹೊಂಟೀ ಯವ್ವಾ? ಇಲ್ಲೇ ನಿಂದ್ರು.” ಆಮೇಲೆ ಅತ್ತೆಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ. “ಅತ್ತೀ, ಇದು ಅವ್ವ ಮಾಡಿದ ತಪ್ಪಲ್ಲ. ಅವರವ್ವ ಮಾಡಿದ ತಪ್ಪೂ ಅಲ್ಲ. ರಕ್ತದಾಗ ಒಂದು ಅಕ್ಷರ ತಪ್ಪಾಗ್ಯದ. ನಿನ್ನ ಮೈಯಾಗೂ ಎಷ್ಟು ತಪ್ಪು ಅದಾವೋ, ಯಾರೂ ಓದಿಲ್ಲ ಅಷ್ಟ. ನಾನು ಅದನ್ನ ತಿದ್ದೋ ಕೆಲಸಾ ಮಾಡಾಕತ್ತೀನಿ. ನಿನ್ನಿಂದ ಏನೂ ಆಗಂಗಿಲ್ಲಂದ್ರ ಸುಮ್ಮನರೆ ಇರು. ಇನ್ನೊಮ್ಮಿ ಈ ಮಾತು ಬಂತಂದ್ರ ನಿನ್ನ ಹೊಸ್ತಿಲಾ ತುಳಿಯಂಗಿಲ್ಲ ನಾನು.”

ಅವ್ವ ಬಹಳ ಹೊತ್ತು ಅಲ್ಲಿಯೇ, ಪಡಸಾಲೆಯ ನಡುವೆ ನಿಂತಿದ್ದಳು. ಅಡುಗೆಮನೆಗೆ ಹೋಗಲಿಲ್ಲ. ಕೊನೆಗೆ ಅತ್ತೆಯೇ ಎದ್ದು ಹೋಗಿ ಇನ್ನೊಂದು ಸಲ ಚಹಾ ಇಟ್ಟಳು. ಅಂದಿನಿಂದ ಆ ಮಾತು ನಮ್ಮ ಮನೆಯಲ್ಲಿ ಕೇಳಿಲ್ಲ.

ಹೋದ ವರ್ಷ ದಕ್ಷಿಣದ ಒಂದು ಆಸ್ಪತ್ರೆಯಲ್ಲಿ ನನ್ನಂಥವರಿಗೆ ಈ ಹೊಸ ಔಷಧವನ್ನು ಕೊಟ್ಟು ನೋಡುವ ಪ್ರಯೋಗ ನಡೆದಿತ್ತು. ತಂಗಿ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋದಳು. ರಕ್ತ ಪರೀಕ್ಷಿಸಿದ ಡಾಕ್ಟರು ಆಗುವುದಿಲ್ಲ ಎಂದರು. ಔಷಧ ಹೊರುವ ಆ ವೈರಸ್ಸಿನ ಜಾತಿಯದೇ ಒಂದು ಎಂದೋ ನನ್ನ ಮೈಗೆ ಬಂದು ಹೋಗಿತ್ತಂತೆ. ನನಗೆ ಗೊತ್ತಾಗದಿದ್ದರೂ ಮೈ ಅದರ ಗುರುತು ಇಟ್ಟುಕೊಂಡಿತ್ತು. ಈಗ ಔಷಧ ಹೊತ್ತು ಬಂದರೂ ಶತ್ರುವೆಂದು ತಿಳಿದು ಬಾಗಿಲಲ್ಲೇ ಕೊಂದುಬಿಡುತ್ತದಂತೆ. ತಂಗಿ ಡಾಕ್ಟರ ಜೊತೆ ವಾದ ಮಾಡಿದಳು. ಬೇರೆ ಜಾತಿಯ ವೈರಸ್ ಇಲ್ಲವೇ, ಮತ್ತೊಮ್ಮೆ ಪರೀಕ್ಷಿಸಬಾರದೇ ಎಂದೆಲ್ಲ ಕೇಳಿದಳು. ಅವರು ಸಮಾಧಾನದಿಂದಲೇ ಎಲ್ಲಕ್ಕೂ ಉತ್ತರ ಕೊಟ್ಟರು. ಕೇಳುವುದು ಮುಗಿದ ಮೇಲೆ ಅವಳು ಎದ್ದು ನಿಂತಳು.

ವಾಪಸು ಬರುವಾಗ ರೈಲಿನಲ್ಲಿ ನನ್ನ ಮೊಣಕಾಲು ಊದಿತು. ಇಂಜೆಕ್ಷನ್ ಹೊರಡುವ ಮೊದಲೇ ಆಸ್ಪತ್ರೆಯಲ್ಲಿ ಆಗಿತ್ತು. ಅವಳು ಎಲ್ಲಿಂದಲೋ ಐಸ್ ತಂದು, ದುಪಟ್ಟಾದಲ್ಲಿ ಸುತ್ತಿ, ನನ್ನ ಮೊಣಕಾಲಿನ ಮೇಲೆ ಒತ್ತಿ ಹಿಡಿದು ಕುಳಿತಳು. ಸೀಟಿಗೆ ಸ್ಪಿರಿಟ್ ಹೊಡೆಯುವುದನ್ನೂ ಮರೆತಿದ್ದಳು. ಹೊರಗೆ ಮಧ್ಯಾಹ್ನದ ಬಿಸಿಲು. ರೈಲು ತುಂಗಭದ್ರೆಯ ಸೇತುವೆ ದಾಟುತ್ತಿತ್ತು.

“ನನಗಂತೂ ಅದು ತಾಕಂಗಿಲ್ಲ ಅಂತಾಯ್ತು,” ಎಂದೆ, ಆದಷ್ಟು ಹಗುರವಾಗಿ. “ಇನ್ನ ಬ್ಯಾರೆ ಕೆಲಸಾ ನೋಡ್ಕೋ. ಇಲ್ಲೇ ರಾಯಚೂರಾಗ ಕಾಲೇಜಿನಾಗ ಪಾಠ ಮಾಡು.”

“ನಾಳಿ ಡ್ಯೂಟಿ ಅದ ನಂದು,” ಎಂದಳು.

“ಯಾರ ಸಲುವಾಗಿ?”

ಅವಳು ನದಿಯ ಕಡೆ ನೋಡುತ್ತಿದ್ದಳು. ಅವಳ ಗಲ್ಲದ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ; ಎರಡೂ ಕೈ ನನ್ನ ಮೊಣಕಾಲಿನ ಮೇಲಿದ್ದವು.

“ನನಗೊಬ್ಬ ಮಗ ಹುಟ್ಟಿದ್ರ,” ಎಂದಳು, “ಅವನು ಬೇವಿನ ಗಿಡಾ ಹತ್ತಬೇಕಣ್ಣಾ. ಹತ್ತಿ ಬೀಳಬೇಕು. ಬಿದ್ದು, ಅತ್ತು, ಮಣ್ಣು ಝಾಡಿಸ್ಕೊಂಡು ಮತ್ತ ಹತ್ತಾಕ ಹೋಗಬೇಕು. ಅಂವ ಬಿದ್ದಾಗ ನಾನು ಅಡಗಿ ಮನ್ಯಾಗಿಂದ ಹೊರಗ ಸೈತ ಬರಂಗಿಲ್ಲ, ನೋಡ್ತಿರು.”

ಐಸ್ ಕರಗಿ ನನ್ನ ಪ್ಯಾಂಟೆಲ್ಲ ತೊಯ್ದು ಹೋಗಿತ್ತು. ರಾಯಚೂರು ಬರುವ ತನಕ ಅವಳು ಕೈ ತೆಗೆಯಲಿಲ್ಲ, ನಾನೂ ತೆಗೆ ಎನ್ನಲಿಲ್ಲ.