ಒಂದು ಮಾತು, ಅರ್ಧ ಮೀಸೆ

ಒಂದೇ ಒಂದು ಪದ ರೇಡಿಯೊನ ಬಾಯಿ ಕಟ್ಟಿಹಾಕಿತ್ತು. ರೇಡಿಯೊ ಅಂದರೆ ಯಂತ್ರವಲ್ಲ, ಸಲೂನಿನ ಯಜಮಾನ. ಗಿರಾಕಿ 'ಸ್ವಲ್ಪ ಸಣ್ಣಗೆ...' ಅನ್ನುವಷ್ಟರಲ್ಲಿ ಅವರ ವಾಕ್ಯವನ್ನೂ ಮುಗಿಸಿ, ಕೂದಲನ್ನೂ ಮುಗಿಸಿಬಿಡುವ ಆಸಾಮಿ.

ಇಂಥವನ ಎಂಟು ವರ್ಷದ ಮಗಳು ತೊದಲುತ್ತಿದ್ದಳು. ಆ ಪದವನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಅವನೇ ಕಟ್ಟಪ್ಪಣೆ ಮಾಡಿದ್ದ. ಅವತ್ತು ಬೆಳಿಗ್ಗೆ ಮಗಳಿಗೆ ಮಾತಿನ ಅಭ್ಯಾಸ ಮಾಡಿಸುವ ಟೀಚರಮ್ಮ ಫೋನ್ ಮಾಡಿ, ಮುಚ್ಚಿಟ್ಟಷ್ಟೂ ಮಗು ನಾಚಿಕೊಳ್ಳುತ್ತೆ, ಇವತ್ತೇ ಆ ಹೆಸರು ಹೇಳಿ ಬಿಚ್ಚುಮನಸ್ಸಿನಿಂದ ಮಾತಾಡಿ ಎಂದರು. ಇನ್ನೂ ಏನೋ ಹೇಳಲು ಹೊರಟಿದ್ದರು. ಇವನು ಅರ್ಥ ಆಯ್ತು ಬಿಡಿ ಎಂದು ಫೋನ್ ಇಟ್ಟ.

ಅದೇನು ಮಹಾ ಎಂದುಕೊಂಡೇ ಅಂಗಡಿ ತೆರೆದ. ಆದರೆ ಹೆಸರು ಹೇಳಿದ ಮೇಲೆ ಮಗಳು ಈಗ ಆಡುವ ನಾಲ್ಕು ಮಾತನ್ನೂ ನಿಲ್ಲಿಸಿಬಿಟ್ಟರೆ? ಪಕ್ಕದಂಗಡಿಯ ಟೈಲರ್ ಬಂದು, ವಿಷಯ ಕೇಳಿ, ಆ ಹೆದರಿಕೆಗೆ ಇನ್ನೊಂದು ಹೊಲಿಗೆ ಹಾಕಿದ: ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ಮೊದಲು ಕನ್ನಡಿ ಮುಂದೆ ಹೇಳಿ ನೋಡು.

ಕುರ್ಚಿಯಲ್ಲಿ ಪೋಸ್ಟ್‌ಮಾಸ್ಟರು ಮುಖದ ತುಂಬ ನೊರೆ ಬಳಿಸಿಕೊಂಡು ತೂಕಡಿಸುತ್ತಿದ್ದರು. ಅವರ ಮೀಸೆಗೆ ಇಪ್ಪತ್ತು ವರ್ಷದ ಸೇವೆ ಸಂದಿತ್ತು. ರೇಡಿಯೊ ಕತ್ತಿ ಹಿಡಿದು ಕನ್ನಡಿಗೆ ಗಟ್ಟಿಯಾಗಿ ಹೇಳಿದ: "ನೀನು ತೊದಲ್ತೀಯ, ಪುಟ್ಟಿ. ತೊದಲಿದ್ರೇನಂತೆ?"

ಯಾರಿಗಯ್ಯಾ ಪುಟ್ಟಿ ಅಂತೀಯ ಎಂದು ಪೋಸ್ಟ್‌ಮಾಸ್ಟರು ಬೆಚ್ಚಿಬಿದ್ದರು. ಕತ್ತಿ ಜಾರಿ ಎಡಗಡೆಯ ಮೀಸೆ ನೊರೆಯ ಜೊತೆಗೇ ಹೋಯಿತು. ಅವರು ಬೈಯಲು ಶುರುಮಾಡಿದರೆ ಆ ಬೈಗುಳವನ್ನೂ ರೇಡಿಯೊನೇ ಮುಗಿಸಿಕೊಟ್ಟ. ಸಂಜೆ ಮನೆಗೇ ಬಂದು ವಿಚಾರಿಸಿಕೊಳ್ತೀನಿ ಎಂದು ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಹೋದರು.

ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡ. "ಪುಟ್ಟಿ, ನೀನು... ತೊ... ತೊ..."

"ನಿ-ನಿಧಾನಕ್ಕೆ ಹೇಳಪ್ಪ," ಎಂದಳು ಮಗಳು. "ತೊ-ತೊದಲು ಅಂತ ತಾನೆ? ಕ್ಲಾಸಲ್ಲಿ ಎಲ್ಲರಿಗೂ ನಾನೇ ಹೇಳಿದೀನಿ. ನಿನಗೆ ಬೇ-ಬೇಜಾರಾಗುತ್ತೆ, ಮನೇಲಿ ಹೇಳ್ಬೇಡ ಅಂದಿದ್ಲು ಅಮ್ಮ."

ರೇಡಿಯೊನ ಎದೆಯ ಭಾರ ಇಳಿಯಿತು, ಕಣ್ಣಲ್ಲಿ ನೀರೂ ಬಂತು. ಇಷ್ಟೇನಾ ಎಂದು ಶುರುಮಾಡುವಷ್ಟರಲ್ಲಿ ಅವಳು ಬೆರಳೆತ್ತಿದಳು.

"ತೊದಲೋದು ಕ-ಕಷ್ಟ ಅಲ್ಲಪ್ಪ. ನನ್ನ ಮಾತನ್ನ ನೀನೇ ಮುಗಿಸ್ತೀಯಲ್ಲ, ಅದು ಕಷ್ಟ. ಬೆಳಿಗ್ಗೆ ಟೀಚರ್ ಅ-ಅದನ್ನೇ ಹೇಳೋಕೆ ಹೊರಟಿದ್ರಂತೆ, ನೀನು ಫೋನ್ ಇಟ್ಯಂತೆ. ಇವತ್ತಿಂದ ದಿನಾ ಹತ್ತು ನಿಮಿಷ ನಾನು ಮಾತಾಡ್ತೀನಿ. ನೀ-ನೀನು ಬಾಯಿ ಮುಚ್ಕೊಂಡು ಕೇಳ್ಬೇಕು."

ಮಗಳ ಮಾತನ್ನು ಅವನು ಪೂರ್ತಿ ಕೇಳಿದ್ದು ಅದೇ ಮೊದಲು. ಸುಮ್ಮನೆ ತಲೆಯಾಡಿಸಿದ. ಅವಳು ಗಡಿಯಾರ ನೋಡಿ ಶುರುಮಾಡಿ ಎರಡು ನಿಮಿಷ ಆಗಿರಬೇಕು, ಯಾರೋ ಬಾಗಿಲು ದಡದಡ ಬಡಿದರು. ಅರ್ಧ ಮೀಸೆಯ ಪೋಸ್ಟ್‌ಮಾಸ್ಟರು ಒಳಗೆ ಬಂದು, ಇದಕ್ಕೇನು ಹೇಳ್ತೀಯೋ ಹೇಳು ಎಂದು ಗದರಿದರು. ರೇಡಿಯೊ ಬಾಯಿ ತೆರೆದ, ಮಗಳ ಬೆರಳು ಕಂಡು ಮುಚ್ಚಿದ.

"ಅಪ್ಪ ಇನ್ನೂ ಎಂ-ಎಂಟು ನಿಮಿಷ ಮಾತಾಡೋ ಹಾಗಿಲ್ಲ ಅಂಕಲ್," ಎಂದಳು ಮಗಳು. "ನೀವು ಬೈತಾ ಇರಿ. ನ-ನಡುವೆ ಬಾಯಿ ಹಾಕಲ್ಲ."

ಪೋಸ್ಟ್‌ಮಾಸ್ಟರು ಕುರ್ಚಿ ಎಳೆದುಕೊಂಡು ನೆಮ್ಮದಿಯಾಗಿ ಕೂತರು.