ಜಗುಲಿಯಿಂದ ಆರಿಸಿದ ಮನೆ

ಖುಷಿ ಹೆಚ್ಚಾದರೆ ನನ್ನ ಬಾಯಿಗೆ ಬೀಗವಿರುವುದಿಲ್ಲ, ಕಣ್ಣು ನೋಡುವ ಮೊದಲೇ ನಾಲಿಗೆ ಬಣ್ಣಿಸಿ ಮುಗಿಸಿರುತ್ತದೆ. ಮಗಳು ಸಿಂಧು, “ಅಪ್ಪ, ಛತ್ರ ಬೇಡ. ಹಳೇ ಕಾಲದ ಮನೇಲೇ ಮದ್ವೆ ಆಗ್ಬೇಕು” ಎಂದಾಗ ಕುಣಿದಾಡುವಷ್ಟು ಸಂತೋಷವಾಯಿತು. ದಿಬ್ಬೂರಹಳ್ಳಿಯ ಲಕ್ಷ್ಮಮ್ಮನವರು ದೂರದ ಸಂಬಂಧದಲ್ಲಿ ನನಗೆ ಅತ್ತೆಯಾಗಬೇಕು. ನೂರು ವರ್ಷ ದಾಟಿದ ಅವರ ತೊಟ್ಟಿ ಮನೆಯ ಹೆಸರು ಕೇಳಿದ್ದೆನೇ ಹೊರತು ನೋಡಿರಲಿಲ್ಲ. ಬೆಳಿಗ್ಗೆಯೇ ಓಡಿದೆ. ಅತ್ತೆ ಬಾಗಿಲಲ್ಲೇ ಮೂಗರಳಿಸಿದರು. “ನಸ್ಯ ಹಾಕ್ತೀಯೇನಪ್ಪಾ? ಅಲ್ಲೇ ನಿಂತ್ಕೊ. ಒಳಗೆ ರೇಷ್ಮೆ ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದವೆ. ಹೊಗೆಸೊಪ್ಪಿನ ಗಾಳಿ ತಾಗಿದ್ರೆ ಒಂದೂ ಉಳಿಯಲ್ಲ.”

ಜಗುಲಿಯ ಮೇಲೆ ನಿಂತು ಬಾಗಿಲಿನ ಕೆತ್ತನೆ ನೋಡಿದೆ. ಅಷ್ಟಕ್ಕೇ ಮರುಳಾಗಿ, ಮದುವೆ ಇಲ್ಲೇ ಎಂದು ಅತ್ತೆಗೆ ಮಾತು ಕೊಟ್ಟುಬಿಟ್ಟೆ. ಆದರೆ ಹುಳಕ್ಕೆ ಹೆದರಿ ಹೊರಗೇ ನಿಂತೆ ಎಂದು ಮನೆಯಲ್ಲಿ ಹೇಳುವುದು ಹೇಗೆ? “ಒಳಗೆ ಹದಿನಾರು ಕಂಬ! ಅರಮನೆ ಕಣಮ್ಮಾ!” ಎಂದೆ. ಸಿಂಧು ಅವತ್ತೇ ಗೆಳತಿಯರಿಗೆಲ್ಲ ಸುದ್ದಿ ಮುಟ್ಟಿಸಿದಳು. ಅವಳ ಮುಖ ನೋಡಿ ನನಗೆ ಆನಂದವೂ ಆಯಿತು, ಭಯವೂ ಆಯಿತು. ಏಕೆಂದರೆ ಮನೆ ನೋಡಿ ಒಪ್ಪಬೇಕಾದವರು ಚಿಂತಾಮಣಿಯ ಬೀಗರು. ಅವರು ಬೇಡವೆಂದರೆ ಮತ್ತೆ ಛತ್ರವೇ ಗತಿ.

ಭಾನುವಾರ ಬೀಗರು, ಬೀಗಿತ್ತಿ, ಸಿಂಧು ಎಲ್ಲರೂ ಒಳಗೆ ಹೋದರು. ನಾನು ಜಗುಲಿಯಲ್ಲೇ ಬೆವರುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಬೀಗರ ದನಿ ಕೇಳಿತು. “ಏಂ ಬಾವಾ, ಹದಿನಾರು ಕಂಬ ಅಂದ್ರಿ, ನಾಲ್ಕೇ ಅವೆ!” ಸಿಂಧು ಹೊರಬಂದು ನನ್ನನ್ನು ದುರುಗುಟ್ಟಿ ನೋಡಿದಳು. ಆಗ ಅವಳ ಹಿಂದೆಯೇ ಬಂದು ನನ್ನ ಮಾನ ಉಳಿಸಿದ್ದು ಬೀಗಿತ್ತಿ. “ನಾಲ್ಕು ಸಾಕು ಬಿಡ್ರೀ. ಹುಳ ಸೊಪ್ಪು ತಿನ್ನೋ ಸದ್ದು ಕೇಳಿ ಎಷ್ಟು ವರ್ಷ ಆಗಿತ್ತು! ನಮ್ಮ ತವರುಮನೇಗೆ ಹೋದಂಗಾಯ್ತು. ಮದ್ವೆ ಇಲ್ಲೇ ಆಗ್ಲಿ.” ಸಿಂಧು ಅವರನ್ನು ತಬ್ಬಿಕೊಂಡಳು. ನನಗೂ ಕಣ್ಣು ತುಂಬಿತು, ನಸ್ಯದಿಂದಲ್ಲ.

ಅತ್ತೆ ಮಾತ್ರ ನಗಲಿಲ್ಲ. “ಮದ್ವೆ ಹೊತ್ಗೆ ಮುಂದಿನ ಬೆಳೆ ಹುಳ ಕೋಣೇಲಿರ್ತವೆ. ಅಡುಗೆ ಬಯಲಲ್ಲಿ ಮಾಡಿಸಿ. ನಸ್ಯದೋರು ಹೊಸ್ಲು ದಾಟಂಗಿಲ್ಲ.”

“ಅತ್ತೆ, ನಾನು ಹೆಣ್ಣಿನ ತಂದೆ! ಧಾರೆ ಎರೀಬೇಕು!”

“ಅದು ಹುಳಕ್ಕೆ ಗೊತ್ತಾಗುತ್ತೇನಪ್ಪಾ?”

ಅಲ್ಲೇ ಸಿಂಧು ಕೈ ಚಾಚಿದಳು, ನಸ್ಯದ ಡಬ್ಬಿ ಕೊಟ್ಟೆ. ಮೂವತ್ತು ವರ್ಷದ ಚಟ ಬಿಟ್ಟು ತಿಂಗಳಾಯಿತು. ವಾರಕ್ಕೊಮ್ಮೆ ಹೋಗಿ ಜಗುಲಿಯಲ್ಲಿ ನಿಲ್ಲುತ್ತೇನೆ. ಅತ್ತೆ ನನ್ನ ಕರವಸ್ತ್ರ ಮೂಸಿ ನೋಡಿ, “ಇನ್ನೂ ಒಂದು ವಾರ ಹೋಗ್ಲಿ, ನೋಡಣ” ಎನ್ನುತ್ತಾರೆ. ಮದುವೆಗೆ ಉಳಿದಿರುವುದು ಐದೇ ದಿನ.