ಎನಿಡಜ್ಜಿಯ ನಾಲ್ಕನೇ ಮೇಜು

ಇಂದ,
ಬ್ರಯೋನಿ ಓಲ್ಡ್‌ರಾಯ್ಡ್,
ಬಡಿಸುವವಳು (ಬಾಗಿಲಲ್ಲಿ ನಿಂತು ನಗುವ ಹೆಚ್ಚುವರಿ ಜವಾಬ್ದಾರಿಯೊಂದಿಗೆ),
‘ಕೊಕ್ಕರೆ ಮತ್ತು ಜೊಂಡು’ (ಹಿಂದಿನ ‘ಕುಂಟ ಕೊಕ್ಕರೆ’ ಪಬ್ಬು),
ರಿವೆಲಿನ್ ಹೊಳೆಯ ದಂಡೆ, ಶೆಫೀಲ್ಡ್.

ಗೆ,
ಮಾನ್ಯ ಕ್ರಿಸ್ಪಿನ್ ಹೇಲಿಂಗ್ ಅವರು,
ಮಾಲೀಕರು,
ಅದೇ ಕಟ್ಟಡ, ಮಹಡಿ ಮೇಲೆ.

ವಿಷಯ: ಬೆಂಕಿಗೂಡಿನ ಪಕ್ಕದ ನಾಲ್ಕನೇ ಮೇಜನ್ನು ಪ್ರತಿ ಶುಕ್ರವಾರ ಸಂಜೆ ಐದಕ್ಕೆ ಎನಿಡಜ್ಜಿ ಮತ್ತು ಇತರ ಮೂವರಿಗೆ ಮರಳಿ ಕೊಡಿಸುವ ಬಗ್ಗೆ.

ಉಲ್ಲೇಖ:
೧) ತಮ್ಮ ಮೌಖಿಕ ಆದೇಶ, ಕಳೆದ ಶುಕ್ರವಾರ, ಸಂಜೆ ಐದು ಹತ್ತು: “ಮನೆಯವರಿಗೆ ಮೇಜು ಬೇಕಿದ್ರೆ ಕಾರಣ ಸಮೇತ ಬರೆದು ಕೊಡು. ಬಾಗಿಲಲ್ಲಿ ನಿಂತು ಅಳಬೇಡ.”
೨) ಅದರ ಹಿಂದಿನ ಭಾನುವಾರದ ಪತ್ರಿಕೆಯಲ್ಲಿ ಬಂದ ಊಟದ ವಿಮರ್ಶೆ.
೩) ಅಜ್ಜಿ ಹೇಳಿದ ಬೆಂಕಿಗೂಡಿನ ಕಥೆ. ಮೌಖಿಕ. ಸುಮಾರು ಇನ್ನೂರು ಸಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೆಳಗೆ ಸಹಿ ಮಾಡಿರುವವಳು (ಇನ್ನು ಮುಂದೆ ‘ಅರ್ಜಿದಾರಳು’; ‘ನಾನು’ ಎಂದು ಬರೆಯಹೋದರೆ ಅಳು ಬಂದು ಉಲ್ಲೇಖ ಒಂದರ ಆದೇಶದ ಕೊನೆಯ ಭಾಗ ಉಲ್ಲಂಘನೆಯಾಗುವ ಸಂಭವವಿರುವುದರಿಂದ) ಸದರಿ ಪಬ್ಬಿನಲ್ಲಿ ನಾಲ್ಕು ವರ್ಷದಿಂದ ಬಡಿಸಿಕೊಂಡಿದ್ದಾಳೆ. ತಾವು ಬಂದು ಒಂದು ವರ್ಷ ಎರಡು ತಿಂಗಳು. ಅವಳ ಅಜ್ಜಿ ಶ್ರೀಮತಿ ಎನಿಡ್ ಓಲ್ಡ್‌ರಾಯ್ಡ್ ಅವರು ನಾಲ್ಕನೇ ಮೇಜಿಗೆ ಬಂದು ಮೂವತ್ತೊಂದು ವರ್ಷ. ಈ ಅಂಕಿಗಳನ್ನು ಯಾವ ಉದ್ದೇಶವೂ ಇಲ್ಲದೆ ಇಲ್ಲಿ ಕಾಣಿಸಲಾಗಿದೆ.

೧. ತಾವು ಪಬ್ಬು ಕೊಂಡ ಮೇಲೆ ಗೋಡೆಗಳು ಪಾರಿವಾಳದ ಬಣ್ಣಕ್ಕೆ ತಿರುಗಿದವು. ಆಲೂಗಡ್ಡೆ ಚಿಪ್ಸು ಪುಟ್ಟ ತಗಡಿನ ಬಕೆಟ್ಟಿಗೆ ಇಳಿಯಿತು. ಊಟದ ಪಟ್ಟಿಯಲ್ಲಿ ಪ್ರತಿ ಪದಾರ್ಥಕ್ಕೂ ಮೂರೇ ಮಾತು: “ಟರ್ನಿಪ್ಪು, ಬೂದಿ, ಮಜ್ಜಿಗೆ”. ಇದಕ್ಕೆಲ್ಲ ಅರ್ಜಿದಾರಳ ತಕರಾರಿಲ್ಲ. ಅಜ್ಜಿಯೂ ತಕರಾರು ತೆಗೆದವಳಲ್ಲ, ಬರೀ ವಿಚಾರಿಸಿದಳು. ತಟ್ಟೆಯ ಬದಲು ಕಪ್ಪು ಕಲ್ಲುಹೆಂಚಿನ ಮೇಲೆ ಮೀನು ತಂದಿಟ್ಟಾಗ ಚಾವಣಿಯತ್ತ ನೋಡಿ, “ಯಾಕೆ ಕಂದಾ, ಮೇಲೆಲ್ಲಾದ್ರೂ ಸೋರ್ತಿದ್ಯಾ?” ಅಂದಳು. ಬಟ್ಟಲಲ್ಲಿ ಮಾಂಸದ ಗೊಜ್ಜು ಹಾಕಿ ಮೇಲೊಂದು ಹಿಟ್ಟಿನ ಮುಚ್ಚಳ ಇಟ್ಟು ‘ಪೈ’ ಎಂದು ಕೊಟ್ಟಾಗ ಚಮಚದಿಂದ ತಳ ತಡಕಿ ತಡಕಿ, “ತಳವೇ ಇಲ್ವಲ್ಲೇ! ಇದು ಪೈ ಅಲ್ಲ, ಸಾರಿಗೆ ಟೋಪಿ ಹಾಕಿದ್ದಾರೆ. ನಮಗೂ,” ಅಂದಳು. ಅವಳ ಗೆಳತಿ ಡಾಟ್ ನಕ್ಕ ರಭಸಕ್ಕೆ ಅವರು ಆಡುತ್ತಿದ್ದ ಡಾಮಿನೋದ ಚುಕ್ಕಿ ಬಿಲ್ಲೆಗಳು ನೆಲದ ಪಾಲಾದವು. ಆರು-ಆರರ ಬಿಲ್ಲೆ ಈವರೆಗೂ ಸಿಕ್ಕಿಲ್ಲ. ಅದರ ಬದಲು ಒಂದು ಬಿಸ್ಕತ್ತು ಆಡುತ್ತಿದೆ.

೨. ಮುಂದಿನ ಸಂಗತಿ ತಿಳಿಯಬೇಕಾದರೆ ಒಂದು ಪದವನ್ನು ಬಿಡಿಸಿ ಹೇಳಬೇಕಿದೆ. ತಾವು ದಕ್ಷಿಣದ ಸರ್ರೆ ಸೀಮೆಯವರು. ತಮ್ಮಲ್ಲಿ ಡಿನ್ನರ್ ಎಂದರೆ ಸಂಜೆ ದೀಪ ಹಚ್ಚಿದ ಮೇಲಿನ ಊಟ. ನಮ್ಮ ಕಡೆ ಡಿನ್ನರ್ ಎಂದರೆ ನಡುಹಗಲಿನದು. ಸಂಜೆಯದ್ದಕ್ಕೆ ಟೀ ಎನ್ನುತ್ತೇವೆ. ಅದರಲ್ಲಿ ಚಹಾ ಇದ್ದೇ ಇರುತ್ತದೆ, ಆದರೆ ಅದು ಚಹಾ ಅಲ್ಲ, ಊಟ. ಶಾಲೆಗಳಲ್ಲಿ ಮಧ್ಯಾಹ್ನ ಬಡಿಸುವ ಹೆಂಗಸನ್ನು ಇಡೀ ದೇಶ, ತಮ್ಮ ಸರ್ರೆಯೂ ಸೇರಿದಂತೆ, ‘ಡಿನ್ನರಮ್ಮ’ ಎಂದೇ ಕರೆಯುವುದು ತಮ್ಮ ಅವಗಾಹನೆಗೆ. ಅವಳನ್ನು ‘ಲಂಚಮ್ಮ’ ಎಂದು ಯಾರೂ ಕರೆದದ್ದಿಲ್ಲ. ಕರೆದರೆ ಬೇರೆಯೇ ಅರ್ಥ ಬಂದೀತು. ಎನಿಡಜ್ಜಿ ಇಪ್ಪತ್ತೆರಡು ವರ್ಷ ಈ ಕಣಿವೆಯ ಶಾಲೆಯಲ್ಲಿ ಡಿನ್ನರಮ್ಮನಾಗಿದ್ದವಳು. ತಮ್ಮ ಅಡುಗೆಮನೆಯ ಮುಖ್ಯಸ್ಥ ಗ್ಯಾರೆತ್ ಹಿಂಚ್‌ಕ್ಲಿಫ್ ಅವಳ ಕೈಯಿಂದ ಕ್ಯಾರೆಟ್ಟು ತಿಂದು, ಬೈಸಿಕೊಂಡು, ಬೆಳೆದವನು. ಕಾರಣ, ಡಿನ್ನರ್ ಯಾವ ಹೊತ್ತಿನದು ಎಂಬ ಬಗ್ಗೆ ಸದರಿ ಅಡುಗೆಮನೆಯಲ್ಲಿ ಎರಡನೇ ಅಭಿಪ್ರಾಯವೇ ಇರಲಿಲ್ಲ.

೩. ಹೀಗಿರುವಲ್ಲಿ, ಒಂದು ಬುಧವಾರ ತಾವು ಓಡುತ್ತ ಬಂದು ಅರ್ಜಿದಾರಳಿಗೆ, “ಪೆಟ್ರಾ ಲಿಂಡ್ಸಿ ಬರ್ತಿದ್ದಾರೆ! ಪತ್ರಿಕೇಲಿ ಊಟದ ವಿಮರ್ಶೆ ಬರೆಯೋರು! ಗುಟ್ಟಾಗಿ ಬರ್ತಾರಂತೆ. ಶುಕ್ರವಾರ, ಡಿನ್ನರ್‌ಗೆ. ಎತ್ತರದ ಹೆಂಗಸು, ಹಸಿರು ಕನ್ನಡಕ, ಒಬ್ಬರೇ. ಗ್ಯಾರೆತ್‌ಗೆ ಹೇಳು, ಪಟ್ಟಿಯ ಒಂಬತ್ತೂ ತಟ್ಟೆ ತಯಾರಿರಲಿ,” ಎಂದು ಆಜ್ಞಾಪಿಸಿದಿರಿ. ಎಷ್ಟು ಗಂಟೆಗೆ ಎಂದು ಅರ್ಜಿದಾರಳು ಕೇಳಬೇಕಿತ್ತು. ಕೇಳಲಿಲ್ಲ. ಆ ಗಳಿಗೆಯಲ್ಲಿ ಕಿಟಕಿಯಾಚೆ ಹೊಳೆಕಟ್ಟೆಯ ಮೇಲೆ ಕೊಕ್ಕರೆಯೊಂದು ಒಂಟಿಕಾಲಲ್ಲಿ ನಿಂತಿತ್ತು. ಅದು ಶಾಪಗ್ರಸ್ತ ರಾಜಕುಮಾರನಾಗಿದ್ದರೆ ಇನ್ನೊಂದು ಕಾಲನ್ನು ಎಲ್ಲಿ ಅಡವಿಟ್ಟಿರಬಹುದು ಎಂದು ಅವಳು ಯೋಚಿಸುತ್ತಿದ್ದಳು. ಹಗಲುಗನಸಿನ ಈ ದೋಷವನ್ನು ಅವಳು ಒಪ್ಪಿಕೊಳ್ಳುತ್ತಾಳೆ.

ಶುಕ್ರವಾರ ತಾವು ಕೂದಲು ಕತ್ತರಿಸಿಕೊಳ್ಳಲು ನಗರಕ್ಕೆ ಹೋದಿರಿ. ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ತೆರೆಯಿತು. ಎತ್ತರದ ಹೆಂಗಸು. ಹಸಿರು ಕನ್ನಡಕ. ಒಬ್ಬಳೇ. “ಹೇಲಿಂಗ್ ಇದ್ದಾರಾ?” ಅಂದಳು. ಅರ್ಜಿದಾರಳು ಅವಳ ಕೈಚೀಲ ಇಸಿದುಕೊಂಡು (ಬಹಳ ಭಾರವಿತ್ತು, ಬರಹಗಾರರ ಚೀಲ ಭಾರವೇ ಇರುತ್ತದೆ ಎಂದುಕೊಂಡಳು) ಬೆಂಕಿಯ ಪಕ್ಕ ಕೂರಿಸಿದಳು. ಒಂಬತ್ತೂ ತಟ್ಟೆ ಹೋದವು. ಟರ್ನಿಪ್ಪಿನ ಬೂದಿಯನ್ನೂ ಆಕೆ ಬ್ರೆಡ್ಡಿನಲ್ಲಿ ಸವರಿ ತಿಂದಳು. ಗ್ಯಾರೆತ್ ಬಾಗಿಲ ಸಂದಿಯಿಂದ ನೋಡಿ ಕಣ್ಣೊರೆಸಿಕೊಂಡ. ಕೊನೆಯ ಚಮಚ ನೆಕ್ಕಿ ಇಟ್ಟು ಆಕೆ ಎದ್ದು, “ಎಂಥಾ ಜನಾನಪ್ಪಾ ನೀವು! ಬೇರೆ ಕಡೆ ಹೋದ್ರೆ ಒಂದು ಲೋಟ ನೀರೂ ಕೊಡಲ್ಲ. ಸರಿ, ನೆಲಮಾಳಿಗೆ ಎಲ್ಲಿ? ಬಿಯರ್ ಕೊಳವೆ ತೊಳೀಬೇಕು,” ಅಂದಳು.

ಚೀಲದಲ್ಲಿ ಇದ್ದದ್ದು ಬ್ರಷ್ಷುಗಳು.

೪. ಗ್ಯಾರೆತ್ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, “ನಾನು ಮನೆಗೆ ಹೋಗ್ತೀನಿ, ನನಗೆ ಜ್ವರ. ಈಗ ಇಲ್ಲ, ದಾರೀಲಿ ಬರುತ್ತೆ,” ಎಂದು ಹೊರಟುಹೋದ. ಐದಕ್ಕೆ ಎಂದಿನಂತೆ ಅಜ್ಜಿ, ಡಾಟ್ ಮತ್ತು ಕಿವಿ ಮಂದವಾದ ಗ್ಲೆನಿಸ್ ನಾಲ್ಕನೇ ಮೇಜಿಗೆ ಬಂದರು. ನಾಲ್ಕನೆಯವಳಾದ ಮೇವಿಸ್ ಸೊಂಟದ ಮೂಳೆಯ ಆಪರೇಷನ್ ಆಗಿ ಇನ್ನೂ ಹಾಸಿಗೆಯಲ್ಲಿದ್ದಳು. ಆಟಕ್ಕೆ ಅವಳ ಬದಲಿಗೆ ಕೆಳಗಿನ ಬೀದಿಯ ಪಬ್ಬಿನವರು ಒಬ್ಬಳನ್ನು ಕಳಿಸುವುದಾಗಿ ಮಾತಾಗಿತ್ತು. ಆರಕ್ಕೆ ಬಾಗಿಲು ತೆರೆಯಿತು. ಎತ್ತರದ ಹೆಂಗಸು. ಹಸಿರು ಕನ್ನಡಕ. ಈ ಸಲ ಅರ್ಜಿದಾರಳು ಮೊದಲು ಕೈಚೀಲ ನೋಡಿದಳು. ಅಷ್ಟರಲ್ಲಿ ಅಜ್ಜಿ ಶುರುಮಾಡಿದಳು.

“ಈಗ ಬಂದ್ಯಾ! ಒಂದು ಗಂಟೆ ಕಾದ್ವಿ. ಕೋಟು ಬಿಚ್ಚು, ಒಳಗೂ ಹಾಕ್ಕೊಂಡೇ ಕೂತ್ರೆ ಹೊರಗೆ ಹೋದಾಗ ಚಳಿ ತಡೆಯಲ್ಲ. ಕೂತ್ಕೋ.”

“ನಾನು ಡಿನ್ನರ್‌ಗೆ ಅಂತ…”

“ಡಿನ್ನರ್ ಮುಗಿದು ಆರು ಗಂಟೆ ಆಯ್ತಲ್ಲ ತಾಯೀ, ಎಲ್ಲಿದ್ದೆ? ಇದು ಟೀ. ಬಿಲ್ಲೆ ಎತ್ಕೋ. ಆ ಬಿಸ್ಕತ್ತು ಆರು-ಆರು, ತಿಂದುಬಿಟ್ಟೀಯ.”

“ಏನಂತೆ?” ಅಂದಳು ಗ್ಲೆನಿಸ್.

“ಇವಳಿಗೆ ಹಸಿವಂತೆ!” ಎಂದು ಡಾಟ್ ಕೂಗಿದಳು.

ಸದರಿ ಸಂದರ್ಭದಲ್ಲಿ ಅಜ್ಜಿ ಚೀಲದಿಂದ ಮನೆಯಲ್ಲಿ ಮಾಡಿದ ಮಾಂಸ-ಆಲೂಗಡ್ಡೆ ಪೈಯನ್ನು ಪಾತ್ರೆ ಒರೆಸುವ ಬಟ್ಟೆ ಸಮೇತ ಹೊರತೆಗೆದಳು. ಜೊತೆಗೆ ಕೆಂಪು ಕೋಸಿನ ಉಪ್ಪಿನಕಾಯಿಯ ಜಾಡಿ. ಹೊರಗಿನ ತಿಂಡಿಯನ್ನು ನಿಷೇಧಿಸುವ ತಮ್ಮ ಫಲಕ ನೇರ ಅವಳ ತಲೆಯ ಮೇಲೇ ತೂಗುತ್ತಿತ್ತು. ಅರ್ಜಿದಾರಳು ಆಗ ಕೊಕ್ಕರೆಯತ್ತ ನೋಡುತ್ತಿದ್ದಳು. ಈ ಸಲ ಬೇಕೆಂದೇ.

ಪೆಟ್ರಾ ಲಿಂಡ್ಸಿ ಎರಡು ತುಂಡು ತಿಂದರು, ಮೂರು ಆಟ ಸೋತರು, ಬಿಲ್ಲೆ ಹಿಡಿಯುವ ರೀತಿಗೆ ಅಜ್ಜಿಯಿಂದ ಬೈಸಿಕೊಂಡರು. ಬದಲಿಯಾಗಿ ಬರಬೇಕಿದ್ದವಳು ಕೊನೆಗೂ ಬರಲಿಲ್ಲ. ಆರೂವರೆಗೆ ತಾವು ಹೊಸ ಕೂದಲಿನೊಂದಿಗೆ ಒಳಬಂದು, ಆ ದೃಶ್ಯ ಕಂಡು, ಅಲ್ಲೇ ಇದ್ದ ಜೊಂಡಿನ ಕುಂಡವನ್ನು ಹಿಡಿದುಕೊಂಡು ನಿಂತಿರಿ.

೫. ಅರ್ಜಿದಾರಳಿಗೆ ಭಾನುವಾರ ಲೆಕ್ಕ ಚುಕ್ತಾ ಮಾಡಿ ಕಳಿಸುವುದಾಗಿ ಹೇಳಿದಿರಿ. ಭಾನುವಾರ ಪತ್ರಿಕೆ ಬಂತು. “ನಗರದ ಸುತ್ತಲಿನ ಹೊಸ ಪಬ್ಬುಗಳಲ್ಲೆಲ್ಲ ಉಂಡಿದ್ದೇನೆ, ಎಲ್ಲರೂ ನನ್ನನ್ನು ಹೊಗಳಿ ಬಡಿಸಿದರು, ಇಲ್ಲಿ ಮಾತ್ರ ಬೈದು ಬಡಿಸಿದರು. ನಾಲ್ಕನೇ ಮೇಜಿನ ಪೈಗೆ ತಳವಿದೆ,” ಎಂದಿತ್ತು. ಮಧ್ಯಾಹ್ನದೊಳಗೆ ಫೋನು ಬಿಸಿಯಾಯಿತು. ತಾವು ಅರ್ಜಿದಾರಳನ್ನು ಅಪ್ಪಿಕೊಂಡಿರಿ. ಅಜ್ಜಿಯ ಮನೆಗೇ ಹೋಗಿ ಪೈ ಮಾಡುವ ಬಗೆ ಕೇಳಿದಿರಿ. “ಬರ್ಕೋ: ಹಿಟ್ಟು, ಮಾಂಸ, ಆಲೂಗಡ್ಡೆ. ಆಮೇಲೆ ಒಲೆ ಮುಂದಿಂದ ಕದಲಬಾರ್ದು,” ಅಂದಳು ಅಜ್ಜಿ. ಬುಧವಾರದಿಂದ ಪಟ್ಟಿಯಲ್ಲಿ “ಮಾಂಸ, ಆಲೂಗಡ್ಡೆ, ನೆನಪು” ಎಂಬುದು ಸೇರಿತು. ನಾಲ್ಕನೇ ಮೇಜಿಗೆ ಹಿತ್ತಾಳೆಯ ಫಲಕ ಬಂತು: ‘ಎನಿಡ್’. ಏಪ್ರಿಲ್‌ವರೆಗೆ ಆ ಮೇಜಿನ ಬುಕಿಂಗ್ ಭರ್ತಿ.

೬. ಕಳೆದ ಶುಕ್ರವಾರ ಮೇವಿಸ್ ಊರುಗೋಲಿನೊಂದಿಗೆ ಮೊದಲ ಸಲ ಹೊರಗೆ ಬಂದಿದ್ದಳು. ಐದಕ್ಕೆ ನಾಲ್ವರೂ ಬಾಗಿಲಲ್ಲಿ. ಅಜ್ಜಿ ನೀಲಿ ಕೋಟು ಹಾಕಿದ್ದಳು. ಅದು ಮದುವೆಗೆ, ಸಾವಿಗೆ, ಮತ್ತು ಶುಕ್ರವಾರಕ್ಕೆ ಮಾತ್ರ. ತಾವು ಹಿಂದೆಯೇ ನಿಂತಿದ್ದಿರಿ. ಕಾರಣ ಅರ್ಜಿದಾರಳು ತಾವು ಕಲಿಸಿಕೊಟ್ಟ ಮಾತನ್ನೇ ಆಡಿದಳು:

“ನಮಸ್ಕಾರ. ಬುಕಿಂಗ್ ಇದೆಯೇ?”

ಅಜ್ಜಿ ಅವಳ ಮುಖ ನೋಡಿದಳು, ಹಿಂದಿದ್ದ ತಮ್ಮ ಮುಖ ನೋಡಿದಳು. “ಯಾಕಿಲ್ಲ? ನೋಡು.”

“ಹೆಸರು?”

“ಎನಿಡ್.”

ಅರ್ಜಿದಾರಳು ಪುಸ್ತಕ ನೋಡಿದಳು. ನೋಡುವ ಅಗತ್ಯವಿರಲಿಲ್ಲ. “ಎನಿಡ್ ಭರ್ತಿಯಾಗಿದೆ, ಮೇಡಂ.”

“ಹಾಗಾ,” ಅಂದಳು ಅಜ್ಜಿ. “ನಂಗೇ ಗೊತ್ತಿರ್ಲಿಲ್ಲ ನೋಡು.” ಆಮೇಲೆ ಮೊಮ್ಮಗಳ ಕಾಲರ್ ಸರಿಮಾಡಿ, “ನಿನ್ನ ಕೆಲಸ ನೀನು ಮಾಡು ಕಂದಾ, ಗಾಳಿಗೆ ನಿಲ್ಬೇಡ,” ಎಂದು, ಹೊರಗೆ ಅಲಂಕಾರಕ್ಕೆ ಒರಗಿಸಿದ್ದ ಕಲ್ಲುಹೆಂಚೊಂದನ್ನು ಎತ್ತಿಕೊಂಡು ರಸ್ತೆ ದಾಟಿದಳು. ನಾಲ್ವರೂ ಬಸ್‌ಸ್ಟಾಪಿನ ಬೆಂಚಿನ ಮೇಲೆ ಅದನ್ನಿಟ್ಟುಕೊಂಡು ಏಳು ಗಂಟೆಯವರೆಗೆ ಡಾಮಿನೋ ಆಡಿದರು. ಎರಡು ಬಸ್ಸು ನಿಂತವು. ಕೈ ಬೀಸಿ ಕಳಿಸಿದರು. ಉಲ್ಲೇಖ ಒಂದರ ಆದೇಶದಲ್ಲಿ ಹೇಳಿದ ಅಳು ಈ ಸಂದರ್ಭದ್ದು. ನಾಲ್ಕನೇ ಮೇಜಿನಲ್ಲಿ ಕೂತಿದ್ದ ಗಿರಾಕಿಗಳು ಕಿಟಕಿಯಿಂದ ನೋಡಿ, “ಆ ಬಸ್‌ಸ್ಟಾಪ್ ಮೇಜನ್ನ ಬುಕ್ ಮಾಡೋದು ಹೇಗೆ?” ಎಂದು ಕೇಳಿದ್ದನ್ನೂ ತಮ್ಮ ಗಮನಕ್ಕೆ ತರಲಾಗಿದೆ.

೭. ಇನ್ನು ಉಲ್ಲೇಖ ಮೂರರ ಬಗ್ಗೆ. ಈ ಪಬ್ಬಿನ ಬೆಂಕಿಗೂಡಿನಲ್ಲಿ ಒಂದು ತುಂಟಭೂತ ವಾಸವಿದೆ. ಅದಕ್ಕೆ ಹೆಸರಿಡಬಾರದು, ಇಟ್ಟರೆ ಹೆಗಲೇರುತ್ತದೆ. ಅದಕ್ಕೆ ಬೇಕಾದದ್ದು ಒಂದೇ: ವಾರಕ್ಕೊಮ್ಮೆ ಪಕ್ಕದಲ್ಲಿ ಕೂತು ಯಾರಾದರೂ ಯಾರನ್ನಾದರೂ ಪ್ರೀತಿಯಿಂದ ಬೈಯುವುದು. ಅದು ತಪ್ಪಿದರೆ ಹೊಗೆ ಹಿಂದಕ್ಕೆ ತಿರುಗುತ್ತದೆ, ಬಿಯರ್ ಹುಳಿಯಾಗುತ್ತದೆ. ಅರ್ಜಿದಾರಳು ಯಾವ ಆರೋಪವನ್ನೂ ಮಾಡುತ್ತಿಲ್ಲ. ಆದರೆ ಶುಕ್ರವಾರದಿಂದ ಬೆಂಕಿ ಹತ್ತುತ್ತಿಲ್ಲ. ಮೂರು ಪೀಪಾಯಿ ಹುಳಿಯಾಗಿವೆ. ಚಿಮಣಿ ಗುಡಿಸುವವನು ಬಂದು, ಒಳಗೆ ಏನೂ ಸಿಕ್ಕಿಕೊಂಡಿಲ್ಲ ಎಂದು ಹೋದ. ಕೊಳವೆಯವಳು ಪುನಃ ಬಂದು, ಮೂಸಿ, “ಕೊಳವೆ ಚಿನ್ನದ ಹಾಗಿದೆ. ಇದು ಬೇರೆ ಕಾಯಿಲೆ,” ಎಂದಳು.

ಈ ನಡುವೆ ಅರ್ಜಿದಾರಳು ತಮ್ಮ ಜಾಲತಾಣದಲ್ಲೂ ಬುಕಿಂಗ್‌ಗೆ ಪ್ರಯತ್ನಿಸಿದಳು. ಅಲ್ಲಿ ‘ಲಂಚ್’ ಮತ್ತು ‘ಡಿನ್ನರ್’ ಎಂಬ ಎರಡೇ ಗುಂಡಿಗಳಿವೆ. ಟೀ ಎಂಬ ಗುಂಡಿಯೇ ಇಲ್ಲ. ಅಂದರೆ ನಮ್ಮ ಕಣಿವೆಯಲ್ಲಿ ಎಲ್ಲರೂ ಉಣ್ಣುವ ಒಂದು ಹೊತ್ತು ತಮ್ಮ ಗಡಿಯಾರದಲ್ಲಿ ಇಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಲೂ, ಹಾಗೂ ಎನಿಡ್ ಎಂಬ ಮೇಜಿನಲ್ಲಿ ಎನಿಡ್ ಕೂರುವುದು ಅಂಥ ದೊಡ್ಡ ಅಕ್ರಮವೇನೂ ಅಲ್ಲವಾದ್ದರಿಂದ, ಪ್ರತಿ ಶುಕ್ರವಾರ ಐದರಿಂದ ಏಳರವರೆಗೆ ಸದರಿ ಮೇಜನ್ನು ‘ಟೀ’ ಎಂಬ ಹೊಸ ಬಾಬ್ತಿನಲ್ಲಿ ನಾಲ್ವರಿಗೆ ಮಂಜೂರು ಮಾಡಬೇಕಾಗಿ ಕೋರಿಕೆ. ಮಂಜೂರಾಗದಿದ್ದಲ್ಲಿ, ಅರ್ಜಿದಾರಳನ್ನು ಅದೇ ಸಂಬಳದಲ್ಲಿ ಬಸ್‌ಸ್ಟಾಪಿಗೆ ವರ್ಗಾಯಿಸಬೇಕಾಗಿ ವಿನಂತಿ. ಅಲ್ಲಿ ಬಡಿಸುವವರು ಯಾರೂ ಇಲ್ಲ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಬ್ರಯೋನಿ ಓಲ್ಡ್‌ರಾಯ್ಡ್

ಸ್ಥಳ: ಬಾಗಿಲು
ದಿನ: ಗುರುವಾರ

ಲಗತ್ತುಗಳು:
೧) ಪತ್ರಿಕೆಯ ತುಣುಕು (ಉಪ್ಪಿನಕಾಯಿಯ ಕಲೆ ಸಮೇತ).
೨) ಕೊಳವೆ ಶುದ್ಧವಿದೆ ಎಂಬ ದೃಢೀಕರಣ ಪತ್ರ. ಹಿಂಬದಿಯಲ್ಲಿ ಕೈಬರಹ: “ಬೂದಿ ಚೆನ್ನಾಗಿತ್ತು.”
೩) ಆರು-ಆರರ ಬದಲಿಗೆ ಬಳಸುತ್ತಿರುವ ಬಿಸ್ಕತ್ತು, ಒಂದು. ಪರಿಶೀಲಿಸಿ ಹಿಂದಿರುಗಿಸುವುದು.
೪) ಪೈ, ಕಾಲು ಭಾಗ. ತಳವನ್ನು ಖುದ್ದು ಪರೀಕ್ಷಿಸಿಕೊಳ್ಳಬಹುದು. ಹಿಂದಿರುಗಿಸಬೇಕಿಲ್ಲ.

ವಿಶೇಷ ಸೂಚನೆ: ಅಜ್ಜಿ ನೀಲಿ ಕೋಟು ತೊಡುವುದು ನಾಲ್ಕು ಗಂಟೆಗೆ. ಆದಕಾರಣ ಉತ್ತರವನ್ನು ನಾಳೆ ಡಿನ್ನರ್ ಹೊತ್ತಿಗೆ ದಯಪಾಲಿಸಬೇಕು. ಯಾವ ಡಿನ್ನರ್ ಎಂದು ಅರ್ಜಿದಾರಳು ಈ ಸಲವೂ ಕೇಳುವುದಿಲ್ಲ. ತಾವು ಮಹಡಿ ಇಳಿದು ಬರುವುದು ನಡುಹಗಲಿಗೋ ದೀಪ ಹಚ್ಚಿದ ಮೇಲೋ ಎಂಬುದರಲ್ಲೇ ಉತ್ತರ ಗೊತ್ತಾಗಿಬಿಡುತ್ತದೆ.